ಹಳೆ ಪದ್ಮಿನಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದೀರಾ? ಸ್ಪಾರ್ಕ್ ಪ್ಲಗ್ ಕೊಳ್ಳುವ ಮುನ್ನ ಇದನ್ನು ಓದಿ

ಮುಂಬೈ: 2023ರ ಅಕ್ಟೋಬರ್ 30ಕ್ಕೆ ಮುಂಬೈ ರಸ್ತೆಗಳಿಂದ 'ಕಾಲಿ-ಪೀಲಿ' ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಅಧಿಕೃತವಾಗಿ ಮರೆಯಾಯಿತು. ತಾರ್‌ದೇವ್ ಆರ್‌ಟಿಒದಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಗಿದ್ದು 2003ರ ಅಕ್ಟೋಬರ್ 29ರಂದು. ನಗರದ ಟ್ಯಾಕ್ಸಿಗಳಿಗೆ ಇರುವ 20 ವರ್ಷಗಳ ಮಿತಿ ಅಲ್ಲಿಗೆ ಮುಗಿಯಿತು. ಆದರೆ ಆ ಮಿತಿ ಟ್ಯಾಕ್ಸಿಗಳಿಗೆ ಮಾತ್ರ. ಖಾಸಗಿ ಪದ್ಮಿನಿಗಳು ಮುಂಬೈ ಮತ್ತು ಉಪನಗರಗಳಲ್ಲಿ ಇನ್ನೂ ಓಡುತ್ತಿವೆ. 15 ವರ್ಷ ದಾಟಿದ ಮೇಲೆ ಕಾರನ್ನು ಆರ್‌ಟಿಒ ತಪಾಸಣೆಗೆ ಒಯ್ದು, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ಅಪ್ಪನ ಕಾಲದ ಕಾರನ್ನು ಉಳಿಸಿಕೊಂಡವರಿದ್ದಾರೆ.

ಇಂಥ ಮಾಲೀಕರಲ್ಲಿ ಅನೇಕರು ಮಾಡಿಸುವ ಮೊದಲ ಬದಲಾವಣೆ ಎಲೆಕ್ಟ್ರಾನಿಕ್ ಇಗ್ನಿಷನ್. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು, ಸಿಗ್ನಲ್‌ನಲ್ಲಿ ಆಫ್ ಆಗಬಾರದು ಅನ್ನುವ ಆಸೆ ಎಲ್ಲರದ್ದೂ. ಕಿಟ್ ಕೂರಿಸಿದ ಮೇಲೆ ಹುಟ್ಟುವ ಪ್ರಶ್ನೆ ಪ್ಲಗ್‌ನದು. ಹಳೆಯದೇ ಸಾಕೆ? ಇರಿಡಿಯಂ ಬೇಕೆ? ಗ್ಯಾಪ್ ಎಷ್ಟಿಡಬೇಕು? ಅಂಗಡಿಯವರು ಒಂದು ಹೇಳಿದರೆ ಮೆಕ್ಯಾನಿಕ್ ಇನ್ನೊಂದು ಹೇಳುತ್ತಾರೆ, ಕಿಟ್‌ನ ಡಬ್ಬಿ ಮೇಲೆ ಮೂರನೆಯದು ಬರೆದಿರುತ್ತದೆ.

ಉತ್ತರವನ್ನು ಮೊದಲೇ ಹೇಳಿಬಿಡೋಣ. ಪ್ಲಗ್‌ನ ಅಳತೆ ಮತ್ತು ಹೀಟ್ ರೇಂಜ್ ನಿರ್ಧರಿಸುವುದು ಎಂಜಿನ್. ಪ್ಲಗ್‌ನ ಗ್ಯಾಪ್ ಮತ್ತು ಅದರೊಳಗೆ ರೆಸಿಸ್ಟರ್ ಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ಇಗ್ನಿಷನ್. ಕಿಟ್ ಬದಲಾದರೆ ಬದಲಾಗಬೇಕಾದ್ದು ಈ ಎರಡನೆಯ ಜೋಡಿ ಮಾತ್ರ. ಹೆಚ್ಚಿನ ಎಡವಟ್ಟುಗಳು ಆಗುವುದು ಮೊದಲ ಜೋಡಿಗೆ ಕೈ ಹಾಕಿದಾಗ.

ಪಾಯಿಂಟ್ ಹೋಗಿ ಮಾಡ್ಯೂಲ್ ಬಂದರೆ ಏನಾಗುತ್ತದೆ?

ಪದ್ಮಿನಿಯ 1089 ಸಿಸಿ ಎಂಜಿನ್ ಇಟಲಿಯ ಫಿಯೆಟ್ 1100ರದ್ದು. ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ 1964ರಲ್ಲಿ 'ಫಿಯೆಟ್ 1100 ಡಿಲೈಟ್' ಎಂದು ಆರಂಭಿಸಿದ ಕಾರೇ ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪದ್ಮಿನಿ ಆಯಿತು. ಹೆಸರು ಬದಲಾದರೂ ಇಗ್ನಿಷನ್ ವ್ಯವಸ್ಥೆಯ ಮೂಲ ರೂಪ ಹಾಗೇ ಉಳಿಯಿತು. 12 ವೋಲ್ಟ್ ಬ್ಯಾಟರಿ, ಒಂದು ಕಾಯಿಲ್, ಡಿಸ್ಟ್ರಿಬ್ಯೂಟರ್, ಅದರೊಳಗೆ ಪಾಯಿಂಟ್ ಮತ್ತು ಕಂಡೆನ್ಸರ್.

ಕೆಲಸ ಸರಳ. ಪಾಯಿಂಟ್ ಮುಚ್ಚಿರುವಾಗ ಕಾಯಿಲ್‌ನಲ್ಲಿ ವಿದ್ಯುತ್ ಹರಿದು ಕಾಂತಕ್ಷೇತ್ರ ಕಟ್ಟುತ್ತದೆ. ಪಾಯಿಂಟ್ ತೆರೆದ ಕ್ಷಣ ಅದು ಕುಸಿದು, ಕಾಯಿಲ್‌ನ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿಯಾಗುತ್ತದೆ. ತೊಂದರೆ ಇರುವುದು ಆ ಪಾಯಿಂಟ್‌ನಲ್ಲೇ. ಪ್ರತಿ ಸಲ ತೆರೆದಾಗಲೂ ಅದರ ತುದಿ ಸ್ವಲ್ಪ ಸುಡುತ್ತದೆ, ಫೈಬರ್ ಹಿಮ್ಮಡಿ ಸವೆಯುತ್ತದೆ, ಗ್ಯಾಪ್ ಬದಲಾಗುತ್ತದೆ, ಅದರ ಜೊತೆ ಟೈಮಿಂಗ್ ಕೂಡ ಜಾರುತ್ತದೆ. ಕೆಲವು ಸಾವಿರ ಕಿಲೋಮೀಟರ್‌ಗೊಮ್ಮೆ ಮರಳು ಕಾಗದದಿಂದ ಉಜ್ಜಿ ಫೀಲರ್ ಗೇಜ್ ಹಿಡಿದು ಕೂರಿಸುವ ಕೆಲಸ ಆ ಕಾಲದ ಪ್ರತಿ ಚಾಲಕನಿಗೂ ಗೊತ್ತಿತ್ತು.

ಎಲೆಕ್ಟ್ರಾನಿಕ್ ಕಿಟ್‌ನಲ್ಲಿ ಪಾಯಿಂಟ್‌ನ ಜಾಗಕ್ಕೆ ಒಂದು ಸೆನ್ಸರ್, ಶಾಫ್ಟ್‌ಗೆ ಒಂದು ಕಾಂತದ ಉಂಗುರ ಬರುತ್ತದೆ. ಸವೆಯುವ ಭಾಗ ಇಲ್ಲ. ಇದೇನೂ ಹೊಸ ಕಂಡುಹಿಡಿತವಲ್ಲ; ಅಮೆರಿಕದ ಕ್ರೈಸ್ಲರ್ ಕಂಪನಿ 1973ರ ಮಾದರಿಗಳಿಂದಲೇ ತನ್ನ ಎಲ್ಲ ಕಾರುಗಳಿಗೂ ಎಲೆಕ್ಟ್ರಾನಿಕ್ ಇಗ್ನಿಷನ್ ಕೊಟ್ಟಿತ್ತು.

ನಿಮ್ಮ ಕಾರಿಗೆ ಬಂದಿರುವುದು ಯಾವ ಬಗೆಯ ಕಿಟ್ ಎಂಬುದು ಮುಖ್ಯ. ಪಾಯಿಂಟ್ ಮಾತ್ರ ತೆಗೆದು ಹಳೆಯ ಕಾಯಿಲನ್ನೇ ಉಳಿಸಿಕೊಳ್ಳುವ ಕಿಟ್‌ನಲ್ಲಿ ಕಿಡಿಯ ಬಲ ಹೆಚ್ಚೇನೂ ಏರುವುದಿಲ್ಲ. ಕಿಡಿ ಸ್ಥಿರವಾಗುತ್ತದೆ, ಅಷ್ಟೆ. ಜೊತೆಗೆ ಹೆಚ್ಚು ಶಕ್ತಿಯ ಕಾಯಿಲ್ ಕೂಡ ಬಂದಿದ್ದರೆ ಲೆಕ್ಕ ಬೇರೆ. ಇನ್ನು ಸಿಡಿಐ ಪೆಟ್ಟಿಗೆ ಇದ್ದರೆ ಕಿಡಿ ಬಲವಾಗಿರುತ್ತದೆ, ಆದರೆ ಕ್ಷಣಾರ್ಧಕ್ಕಿಂತ ಬಹಳ ಕಡಿಮೆ ಹೊತ್ತು ಉರಿಯುತ್ತದೆ. ಮಸಿ ಹಿಡಿದ ಪ್ಲಗ್‌ನಲ್ಲೂ ಅದು ಕಿಡಿ ಹೊಡೆಸುತ್ತದೆ, ಪೆಟ್ರೋಲ್ ಕಡಿಮೆಯಿರುವ ಮಿಶ್ರಣವನ್ನು ಹೊತ್ತಿಸುವಲ್ಲಿ ಮಾತ್ರ ಅಷ್ಟು ನೆಚ್ಚಿಕೊಳ್ಳುವಂತಿಲ್ಲ.

ಅಳತೆ ತಪ್ಪಿದರೆ ಪಿಸ್ಟನ್‌ಗೇ ಕುತ್ತು

ಹಳೆ ಕಾರುಗಳಲ್ಲಿ ಸಾಮಾನ್ಯವಾಗಿರುವುದು 14 ಎಂಎಂ ಥ್ರೆಡ್‌ನ ಪ್ಲಗ್. ವ್ಯಾಸ ಒಂದೇ ಆದರೂ ಥ್ರೆಡ್‌ನ ಉದ್ದ, ಅಂದರೆ ರೀಚ್, ಎರಡು ಬಗೆ: 12.7 ಎಂಎಂ ಮತ್ತು 19 ಎಂಎಂ. ಎರಡೂ ಒಂದೇ ತೂತಿಗೆ ಸಲೀಸಾಗಿ ಹೊಕ್ಕುತ್ತವೆ. ಅಪಾಯ ಇರುವುದೇ ಇಲ್ಲಿ. ಗಿಡ್ಡ ರೀಚ್ ಬೇಕಾದ ಹೆಡ್‌ಗೆ ಉದ್ದದ ಪ್ಲಗ್ ಹಾಕಿದರೆ ತುದಿ ದಹನ ಕೋಣೆಯೊಳಗೆ ಚಾಚಿಕೊಂಡು ಪಿಸ್ಟನ್‌ಗೋ ವಾಲ್ವ್‌ಗೋ ತಗಲಬಹುದು. ತಗಲದಿದ್ದರೂ ಹೊರಗುಳಿದ ಥ್ರೆಡ್ ಕೆಂಡವಾಗಿ, ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಸುತ್ತದೆ. ಉಲ್ಟಾ ಮಾಡಿದರೆ ಕಿಡಿ ಬಿಲದೊಳಗೆ ಹುಟ್ಟಿದಂತೆ. ಖಾಲಿ ಉಳಿದ ಥ್ರೆಡ್ ತುಂಬ ಮಸಿ ಗಟ್ಟಿಯಾಗಿ, ಮುಂದೆ ಸರಿಯಾದ ಪ್ಲಗ್ ಹಾಕಹೋದರೆ ಅದು ಒಳಗೇ ಹೋಗುವುದಿಲ್ಲ.

ಅಂಬಾಸಿಡರ್‌ನ 1489 ಸಿಸಿ ಬಿ-ಸಿರೀಸ್ ಎಂಜಿನ್‌ಗೆ ಬೇಕಾಗಿರುವುದು ಉದ್ದದ, 19 ಎಂಎಂ ರೀಚ್. ಅಂಬಾಸಿಡರ್‌ಗೆ ಕೂತ ಪ್ಲಗ್ ಪದ್ಮಿನಿಗೂ ಕೂರುತ್ತದೆ ಎಂದುಕೊಂಡು ಕೊಳ್ಳಬೇಡಿ. ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿರುವ ಸಂಖ್ಯೆಯೇ ಪ್ರಮಾಣ. ಮ್ಯಾನ್ಯುಯಲ್ ಇಲ್ಲದಿದ್ದರೆ ಹಳೆಯ ಪ್ಲಗ್ ತೆಗೆದು ಥ್ರೆಡ್ ಅಳೆಯಿರಿ, ಆದರೆ ಅದನ್ನೇ ನಂಬಿ ಕೂರಬೇಡಿ. ನಿಮಗಿಂತ ಹಿಂದಿನ ಮಾಲೀಕರು ಯಾವುದೋ ಪ್ಲಗ್ ತುರುಕಿರಬಹುದು. ತುದಿ ಸ್ವಲ್ಪ ಬಾಗಿಸಿದ ತಂತಿಯನ್ನು ತೂತಿನೊಳಗೆ ಇಳಿಸಿ, ಥ್ರೆಡ್ ಮುಗಿಯುವ ಅಂಚಿಗೆ ಕೊಕ್ಕೆ ಸಿಕ್ಕಿಸಿ, ಪ್ಲಗ್ ವಾಷರ್ ಕೂರುವ ಮಟ್ಟದಲ್ಲಿ ತಂತಿಗೆ ಗುರುತು ಹಾಕಿಕೊಳ್ಳಿ. ಸ್ಕೇಲ್ ಇಟ್ಟು ಅಳೆದರೆ 12.7 ಮತ್ತು 19ರ ನಡುವಿನ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಐದು ನಿಮಿಷದ ಕೆಲಸ.

ಅಂಗಡಿಯಲ್ಲಿ 'ಪ್ರೀಮಿಯರ್ ಪ್ಲಗ್ ಕೊಡಿ' ಎಂದಷ್ಟೇ ಕೇಳುವುದೂ ಸರಿಯಲ್ಲ. 1985ರಲ್ಲಿ ಬಂದ ಪ್ರೀಮಿಯರ್ 118ಎನ್‌ಇ ಕಾರಿನಲ್ಲಿರುವುದು ನಿಸ್ಸಾನ್ ಮೂಲದ 1171 ಸಿಸಿ ಎಂಜಿನ್. ಪದ್ಮಿನಿಯ ಎಂಜಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಪದ್ಮಿನಿಯ 137ಡಿ ಎಂಬ ಡೀಸೆಲ್ ಮಾದರಿಯೂ ಇತ್ತು. ಅದಕ್ಕಂತೂ ಸ್ಪಾರ್ಕ್ ಪ್ಲಗ್ಗೇ ಇಲ್ಲ! ಹಾಗೆಯೇ ಇಸುಜು ಎಂಜಿನ್‌ನ 1.8 ಲೀಟರ್ ಅಂಬಾಸಿಡರ್ ಬೇರೆ, ಹಳೆಯ ಅಂಬಾಸಿಡರ್ ಬೇರೆ.

ಹೀಟ್ ರೇಂಜ್: ಸಂಖ್ಯೆ ಏರಿದರೆ ಬಿಸಿಯೋ ತಂಪೋ?

ಪ್ಲಗ್‌ನ ತುದಿ ಕೆಲಸ ಮಾಡುವಾಗ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು. ಆಗ ಮಾತ್ರ ಅದರ ಮೇಲೆ ಕೂತ ಮಸಿ ಸುಟ್ಟುಹೋಗುತ್ತದೆ. 850 ಡಿಗ್ರಿ ಆಸುಪಾಸು ದಾಟಿದರೆ ತುದಿಯೇ ಕೆಂಡವಾಗಿ, ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳಬಹುದು. ಅದು ಮುಂದುವರಿದರೆ ಪಿಸ್ಟನ್‌ನ ತಲೆಯೇ ತೂತಾಗುತ್ತದೆ. ಈ ಎರಡು ಗಡಿಗಳ ನಡುವೆ ಪ್ಲಗ್ ನಿಲ್ಲಬೇಕಾದರೆ ಅದು ಶಾಖವನ್ನು ಎಷ್ಟು ಬೇಗ ಹೆಡ್‌ಗೆ ದಾಟಿಸುತ್ತದೆ ಎಂಬುದು ಮುಖ್ಯ. ಬೇಗ ದಾಟಿಸುವುದು 'ಕೋಲ್ಡ್' ಪ್ಲಗ್, ನಿಧಾನಕ್ಕೆ ದಾಟಿಸುವುದು 'ಹಾಟ್' ಪ್ಲಗ್. ಹಾಟ್ ಪ್ಲಗ್‌ನಿಂದ ಬಿಸಿ ಕಿಡಿ ಬರುತ್ತದೆ ಎಂಬುದು ಗ್ಯಾರೇಜ್‌ಗಳಲ್ಲಿ ಇವತ್ತಿಗೂ ಕೇಳಿಬರುವ ತಪ್ಪು ನಂಬಿಕೆ. ಕಿಡಿಗೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಹಾಗಾಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತೆಂದು ಹೀಟ್ ರೇಂಜ್ ಬದಲಿಸುವ ಕಾರಣವೇ ಇಲ್ಲ.

ಗೊಂದಲ ಹೆಚ್ಚಾಗಿರುವುದು ಸಂಖ್ಯೆಗಳಲ್ಲಿ. ಎನ್‌ಜಿಕೆ ಪ್ಲಗ್‌ನಲ್ಲಿ 6ಕ್ಕಿಂತ 7 ಕೋಲ್ಡ್. ಡೆನ್ಸೊದಲ್ಲೂ ಸಂಖ್ಯೆ ಏರಿದಂತೆ ಕೋಲ್ಡ್. ಬಾಷ್‌ನಲ್ಲಿ ತಿರುಗುಮುರುಗು: 7ಕ್ಕಿಂತ 8 ಹಾಟ್. ಚಾಂಪಿಯನ್ ಕೂಡ ಹಾಗೆಯೇ. ಇಷ್ಟು ಸಾಲದೆಂಬಂತೆ ಬಾಷ್‌ನ ಹಳೆಯ ಸಂಕೇತದಲ್ಲಿ, ಅಂದರೆ ಮೈಕೊ ಹೆಸರಿನಲ್ಲಿ ಬೆಂಗಳೂರಿನಿಂದ ಬರುತ್ತಿದ್ದ ಪ್ಲಗ್‌ಗಳಲ್ಲಿ, 145, 175, 225 ಎಂಬ ಸಂಖ್ಯೆಗಳಿದ್ದವು. ಅಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಕೋಲ್ಡ್. ಹಳೆಯ 175 ಅಂದರೆ ಇಂದಿನ ಬಾಷ್ 7. ಹಳೆಯ 145 ಅಂದರೆ 8. 225 ಅಂದರೆ 5.

ಕನ್ನಡಿಗರಿಗೆ ಮೈಕೊ ಹೆಸರನ್ನು ಪರಿಚಯಿಸಬೇಕಿಲ್ಲ. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಆಡುಗೋಡಿ ಕಾರ್ಖಾನೆಯಿಂದ ಬಂದ ಪ್ಲಗ್‌ಗಳು ದೇಶದ ಸ್ಕೂಟರ್, ಕಾರು, ಟ್ಯಾಕ್ಸಿಗಳಲ್ಲೆಲ್ಲ ಇದ್ದವು. ಬೆಂಗಳೂರಿನಲ್ಲಿ ಒಂದು ಬಡಾವಣೆಗೇ ಮೈಕೊ ಲೇಔಟ್ ಎಂದು ಹೆಸರಿದೆ. 2008ರಲ್ಲಿ ಕಂಪನಿ ಬಾಷ್ ಲಿಮಿಟೆಡ್ ಆಯಿತು. ಅಪ್ಪ ಬಿಟ್ಟುಹೋದ ಟೂಲ್ ಬಾಕ್ಸ್‌ನಲ್ಲಿ ಹಳೆಯ ಮೈಕೊ ಪ್ಲಗ್ ಸಿಕ್ಕಿದರೆ ಅದರ ಮೇಲಿನ ಸಂಖ್ಯೆಯನ್ನು ಎಸೆಯುವ ಮೊದಲು ಬರೆದಿಟ್ಟುಕೊಳ್ಳಿ. ಅದು ಕಾರಿನ ಜಾತಕ ಇದ್ದಂತೆ.

ಎನ್‌ಜಿಕೆ ಸಂಕೇತ ಓದುವುದು ಕಷ್ಟವೇನಲ್ಲ. ಬಿಪಿಆರ್6ಇಎಸ್ ಎಂದಿದ್ದರೆ 'ಬಿ' ಅಂದರೆ 14 ಎಂಎಂ ಥ್ರೆಡ್, 'ಪಿ' ಅಂದರೆ ತುದಿ ಮುಂದೆ ಚಾಚಿದ್ದು, 'ಆರ್' ಅಂದರೆ ರೆಸಿಸ್ಟರ್ ಇರುವುದು, 6 ಹೀಟ್ ರೇಂಜ್, 'ಇ' ಅಂದರೆ 19 ಎಂಎಂ ರೀಚ್. 'ಇ' ಬದಲು 'ಎಚ್' ಇದ್ದರೆ 12.7 ಎಂಎಂ. ಕೊನೆಯಲ್ಲಿ 11 ಎಂದು ಇದ್ದರೆ ಗ್ಯಾಪ್ 1.1 ಎಂಎಂ ಇಟ್ಟು ತಯಾರಿಸಿದ್ದು. ಹೊಸ ಕಾರುಗಳ ಈ ಪ್ಲಗ್ ನಮ್ಮ ಕೆಲಸಕ್ಕೆ ಬೇಡ. ಇಲ್ಲಿ ಒಂದು ಎಚ್ಚರಿಕೆ. ಮ್ಯಾನ್ಯುಯಲ್‌ನ ಸಂಖ್ಯೆಯಲ್ಲಿ 'ಪಿ' ಇಲ್ಲದಿದ್ದರೆ ನೀವಾಗಿಯೇ 'ಪಿ' ಇರುವುದನ್ನು ಹಾಕಬೇಡಿ, ತುದಿಗೆ ಒಳಗೆ ಜಾಗವಿದೆ ಎಂದು ಖಚಿತವಾಗುವವರೆಗೆ.

ಹಾಗಾದರೆ ಹೀಟ್ ರೇಂಜನ್ನು ಯಾವತ್ತೂ ಬದಲಿಸಲೇಬಾರದೇ? ಬದಲಿಸಬಹುದು, ಕಾರು ಓಡುವ ರೀತಿ ನೋಡಿ. ಭಾನುವಾರ ಮಾತ್ರ ಮಾಟುಂಗಾದಿಂದ ಶಿವಾಜಿ ಪಾರ್ಕ್‌ವರೆಗೆ ಹೋಗಿ ಬರುವ ಕಾರಿನ ಪ್ಲಗ್ ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತದೆ. ಅಂಥ ಕಾರಿನಲ್ಲಿ ಮಸಿ ಪದೇ ಪದೇ ಕಟ್ಟುತ್ತಿದ್ದರೆ ಒಂದು ಹೆಜ್ಜೆ ಹಾಟ್ ಪ್ಲಗ್ ಹಾಕಬಹುದು. ಆದರೆ ಅದೇ ಕಾರಿನಲ್ಲಿ ಮೇ ತಿಂಗಳ ಬಿಸಿಲಿಗೆ ನಾಲ್ಕು ಜನ ಕೂತು ಖಂಡಾಲಾ ಘಾಟಿ ಹತ್ತುವ ಯೋಚನೆಯಿದ್ದರೆ ಮೂಲ ಸಂಖ್ಯೆಗೇ ವಾಪಸ್ ಬನ್ನಿ. ಮಸಿ ಕಟ್ಟಿದ ಪ್ಲಗ್‌ನಿಂದ ಕಾರು ನಿಲ್ಲುತ್ತದೆ, ಅಷ್ಟೆ. ಕಾದ ಪ್ಲಗ್‌ನಿಂದ ಎಂಜಿನ್ ಹೋಗುತ್ತದೆ.

ಗ್ಯಾಪ್ ಎಷ್ಟಿಡಬೇಕು?

ಪಾಯಿಂಟ್ ಇದ್ದ ಕಾಲದ ಕಾರುಗಳಿಗೆ ಸಾಮಾನ್ಯವಾಗಿ 0.5ರಿಂದ 0.7 ಎಂಎಂ ಗ್ಯಾಪ್ ಇರುತ್ತಿತ್ತು. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೆ ಗ್ಯಾಪ್ ಹೆಚ್ಚಿಸಬಹುದು ಎಂಬುದು ನಿಜ. ಗ್ಯಾಪ್ ಅಗಲವಾದಷ್ಟೂ ಕಿಡಿ ಉದ್ದವಾಗುತ್ತದೆ, ಹೆಚ್ಚು ಮಿಶ್ರಣವನ್ನು ಮುಟ್ಟುತ್ತದೆ, ಐಡ್ಲಿಂಗ್ ನಯವಾಗುತ್ತದೆ. ಆದರೆ ಇದಕ್ಕೊಂದು ಬೆಲೆ ಇದೆ.

ಕಿಟ್‌ನ ಡಬ್ಬಿ ಮೇಲೆ 40,000 ವೋಲ್ಟ್ ಎಂದು ಬರೆದಿದ್ದರೆ ಪ್ರತಿ ಕಿಡಿಯೂ 40,000 ವೋಲ್ಟ್‌ನದು ಎಂದರ್ಥವಲ್ಲ. ಅದು ಕಾಯಿಲ್‌ನ ಗರಿಷ್ಠ ಶಕ್ತಿ. ವೋಲ್ಟೇಜ್ ಏರುತ್ತಾ ಹೋಗಿ, ಗ್ಯಾಪ್ ದಾಟಲು ಎಷ್ಟು ಬೇಕೋ ಅಷ್ಟಾದ ತಕ್ಷಣ ಕಿಡಿ ಹಾರುತ್ತದೆ, ಅಲ್ಲಿಗೆ ಏರಿಕೆ ನಿಲ್ಲುತ್ತದೆ. ಅಂದರೆ ನಿಮ್ಮ ಕಾರಿನ ವೈರ್, ರೋಟರ್, ಡಿಸ್ಟ್ರಿಬ್ಯೂಟರ್ ಮುಚ್ಚಳದ ಮೇಲೆ ಬೀಳುವ ಒತ್ತಡವನ್ನು ತೀರ್ಮಾನಿಸುವುದು ಪ್ಲಗ್‌ನ ಗ್ಯಾಪ್. ಗ್ಯಾಪ್ ಹೆಚ್ಚಿಸಿದರೆ ಇವೆಲ್ಲದರ ಮೇಲೂ ಭಾರ ಬೀಳುತ್ತದೆ. 40 ವರ್ಷ ಹಳೆಯ ಬೇಕಲೈಟ್ ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಕಿಡಿ ಪ್ಲಗ್‌ಗೆ ಹೋಗುವ ಬದಲು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಇದು ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಸಾಯನ್ ಸರ್ಕಲ್ ಬಳಿ ನೀರು ನಿಂತಿರುವಾಗ ಗೊತ್ತಾಗುತ್ತದೆ.

ಕಿಟ್ ತಯಾರಕರು ಗ್ಯಾಪ್ ಎಷ್ಟೆಂದು ಹೇಳಿದ್ದರೆ ಅದನ್ನೇ ಪಾಲಿಸಿ. ಹೇಳದಿದ್ದರೆ, ಹಳೆಯ ಕಾಯಿಲ್ ಉಳಿಸಿಕೊಂಡವರು ಮೂಲ ಗ್ಯಾಪಿನಲ್ಲೇ ಶುರು ಮಾಡಲಿ, ಹೆಚ್ಚೆಂದರೆ 0.1 ಎಂಎಂ ಏರಿಸಲಿ. ಹೆಚ್ಚು ಶಕ್ತಿಯ ಕಾಯಿಲ್, ಹೊಸ ವೈರ್, ಹೊಸ ಮುಚ್ಚಳ, ಹೊಸ ರೋಟರ್ ಎಲ್ಲ ಹಾಕಿಸಿದವರಿಗೆ 0.8 ಎಂಎಂ ಸುರಕ್ಷಿತ ಮಟ್ಟ. 1.0 ಅಥವಾ 1.1ಕ್ಕೆ ಹೋಗುವುದರಿಂದ ಕಾರ್ಬ್ಯುರೇಟರ್ ಇರುವ ಈ ಹಳೆಯ ಎಂಜಿನ್‌ಗೆ ಸಿಗುವ ಲಾಭ ಅತ್ಯಲ್ಪ. ಪಿಕಪ್ ಜಾಸ್ತಿಯಾಯಿತು ಎಂದು ಹೇಳುವವರಿದ್ದಾರೆ. ಹೊಸ ಪ್ಲಗ್ ಹಾಕಿದಾಗ ಹೇಗೂ ಹಾಗೆ ಅನಿಸುತ್ತದೆ.

ಸಿಎನ್‌ಜಿ ಇರುವ ಕಾರಿಗೆ ಲೆಕ್ಕ ಉಲ್ಟಾ. 2000ದ ದಶಕದಲ್ಲಿ ಬಾಂಬೆ ಹೈಕೋರ್ಟ್ ಆದೇಶಗಳ ನಂತರ ಮುಂಬೈಯ ಹಳೆ ಟ್ಯಾಕ್ಸಿಗಳು ದೊಡ್ಡ ಸಂಖ್ಯೆಯಲ್ಲಿ ಸಿಎನ್‌ಜಿಗೆ ಬದಲಾದವು. ಖಾಸಗಿ ಪದ್ಮಿನಿಗಳಲ್ಲೂ ಕಿಟ್ ಹಾಕಿಸಿಕೊಂಡವರಿದ್ದಾರೆ. ಗ್ಯಾಸ್ ಮಿಶ್ರಣದಲ್ಲಿ ಕಿಡಿ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಹೀಗಾಗಿ ಗ್ಯಾಪನ್ನು ಪೆಟ್ರೋಲ್‌ಗೆ ಇಡುವುದಕ್ಕಿಂತ 0.1 ಎಂಎಂನಷ್ಟು ಕಡಿಮೆ ಇಡುವುದು ರೂಢಿ. ಎಲೆಕ್ಟ್ರೋಡ್ ಬೇಗ ಸವೆಯುವುದರಿಂದ ತಪಾಸಣೆಯೂ ಬೇಗ ಬೇಗ ಆಗಬೇಕು.

ಗ್ಯಾಪ್ ಸರಿಮಾಡುವಾಗ ಹೊರಗಿನ, ಬಾಗಿದ ಎಲೆಕ್ಟ್ರೋಡನ್ನು ಮಾತ್ರ ಬಾಗಿಸಬೇಕು. ನಡುವಿನದನ್ನು ಮೀಟಿದರೆ ಪಿಂಗಾಣಿ ಬಿರಿಯುತ್ತದೆ. ಡಬ್ಬಿಯಿಂದ ಬಂದ ಹೊಸ ಪ್ಲಗ್‌ನ ಗ್ಯಾಪ್ ಸರಿಯಿದೆ ಎಂದು ನಂಬಬೇಡಿ, ಸಾಗಣೆಯಲ್ಲಿ ಒಂದು ಬಿದ್ದಿದ್ದರೂ ಬದಲಾಗಿರುತ್ತದೆ.

'ಆರ್' ಅಕ್ಷರವನ್ನು ಮರೆಯಬೇಡಿ

ಪಾಯಿಂಟ್ ಇದ್ದಾಗ ರೆಸಿಸ್ಟರ್ ಇಲ್ಲದ ಪ್ಲಗ್, ಒಳಗೆ ತಾಮ್ರದ ತಂತಿಯಿರುವ ವೈರ್ ಎರಡೂ ನಡೆಯುತ್ತಿದ್ದವು. ಹೆಚ್ಚೆಂದರೆ ಕಾರಿನ ರೇಡಿಯೊದಲ್ಲಿ ವಿವಿಧ ಭಾರತಿ ಜೊತೆ 'ಟರ್‌ರ್' ಸದ್ದು ಬರುತ್ತಿತ್ತು. ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುವಾಗ ಹಾಗಲ್ಲ. ಪ್ರತಿ ಕಿಡಿಯೂ ಒಂದು ಚಿಕ್ಕ ರೇಡಿಯೊ ಸ್ಟೇಷನ್. ಆ ಗದ್ದಲ ಸೆನ್ಸರ್‌ಗೆ ತಗುಲಿದರೆ ಅದು ಇಲ್ಲದ ಸಂಜ್ಞೆಯನ್ನು ಇದೆ ಎಂದುಕೊಂಡು ತಪ್ಪು ಸಮಯದಲ್ಲಿ ಕಿಡಿ ಹೊಡೆಸಬಹುದು. ಎಂಜಿನ್ 3,000 ಆರ್‌ಪಿಎಂ ದಾಟಿದಾಗ ಮಾತ್ರ ಮಿಸ್ಸಿಂಗ್ ಬರುತ್ತಿದ್ದು, ಕಾರ್ಬ್ಯುರೇಟರ್ ಎಷ್ಟು ಬಿಚ್ಚಿದರೂ ಸರಿಹೋಗದಿದ್ದರೆ ಮೊದಲು ಇದನ್ನು ನೋಡಿ.

ಆದ್ದರಿಂದ ರೆಸಿಸ್ಟರ್ ಇರುವ ಪ್ಲಗ್ಗನ್ನೇ ಆರಿಸಿ. ಎನ್‌ಜಿಕೆ, ಬಾಷ್ ಎರಡರಲ್ಲೂ ಸಂಕೇತದಲ್ಲಿ 'ಆರ್' ಇರುತ್ತದೆ. ತಾಮ್ರದ ವೈರ್ ಬದಲು ಕಾರ್ಬನ್ ಅಥವಾ ಸುರುಳಿ ತಂತಿಯ ವೈರ್ ಹಾಕಿಸಿ. ಮಲ್ಟಿಮೀಟರ್ ಇದ್ದರೆ ಪ್ಲಗ್‌ನ ಮೇಲ್ತುದಿಯಿಂದ ನಡು ಎಲೆಕ್ಟ್ರೋಡ್‌ವರೆಗೆ ಅಳೆದು ನೋಡಿ; ರೆಸಿಸ್ಟರ್ ಪ್ಲಗ್ ಸಾಮಾನ್ಯವಾಗಿ 5 ಕಿಲೊ ಓಮ್ ಆಸುಪಾಸು ತೋರಿಸುತ್ತದೆ.

ಕಿಟ್ ಕೊಳ್ಳುವಾಗ ಇನ್ನೆರಡು ಸಂಗತಿ. ಕಾಯಿಲ್‌ನ ಪ್ರೈಮರಿ ರೆಸಿಸ್ಟೆನ್ಸ್ ಕಿಟ್ ಕೇಳುವುದಕ್ಕಿಂತ ಕಡಿಮೆ ಇದ್ದರೆ ಮಾಡ್ಯೂಲ್ ಸುಡುತ್ತದೆ. ಬ್ರಿಟಿಷ್ ಮೂಲದ ಕೆಲವು ಹಳೆ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಜೋಡಣೆಯಾಗಿರುತ್ತದೆ. ಅವಕ್ಕೆ ಬೇರೆಯದೇ ಕಿಟ್ ಬೇಕು.

ಇರಿಡಿಯಂಗೆ ದುಡ್ಡು ಹಾಕಬೇಕೇ?

ಬೇಡ, ಸಾಧಾರಣ ನಿಕಲ್ ಪ್ಲಗ್ ಸಾಕು. ಇರಿಡಿಯಂನ ದೊಡ್ಡ ಗುಣ ಬಾಳಿಕೆ. ವರ್ಷಕ್ಕೆ ಸಾವಿರವೋ ಎರಡು ಸಾವಿರವೋ ಕಿಲೋಮೀಟರ್ ಓಡುವ ಕಾರಿಗೆ ಆ ಬಾಳಿಕೆಯಿಂದ ಏನು ಪ್ರಯೋಜನ? ಬೆಲೆಯಂತೂ ಹಲವು ಪಟ್ಟು. ರಿಂಗ್ ಸವೆದು ಎಣ್ಣೆ ಏರುತ್ತಿರುವ ಎಂಜಿನ್‌ನಲ್ಲಿ ಇರಿಡಿಯಂ ಕೂಡ ಎಣ್ಣೆಯಲ್ಲಿ ಮುಳುಗುತ್ತದೆ, ನಿಕಲ್ ಕೂಡ ಮುಳುಗುತ್ತದೆ. ಉಳಿದ ದುಡ್ಡಲ್ಲಿ ಹೊಸ ಡಿಸ್ಟ್ರಿಬ್ಯೂಟರ್ ಮುಚ್ಚಳ ಮತ್ತು ರೋಟರ್ ಕೊಂಡರೆ ಮಳೆಗಾಲ ನೆಮ್ಮದಿಯಾಗಿ ಕಳೆಯುತ್ತದೆ.

ಮುಂಬೈಯಲ್ಲಿ ಹಳೆ ಕಾರಿನ ಬಿಡಿಭಾಗಕ್ಕೆ ಜನ ಹೋಗುವುದು ಒಪೆರಾ ಹೌಸ್ ಸುತ್ತಲಿನ ಅಂಗಡಿಗಳಿಗೆ, ಕುರ್ಲಾದ ಸಿಎಸ್‌ಟಿ ರಸ್ತೆಗೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದಂತೆ. ಪ್ಲಗ್ ವಿಷಯದಲ್ಲಿ ನಕಲಿಯ ಕಾಟ ಇರುವುದರಿಂದ ನೋಡಿ ಕೊಳ್ಳಿ. ಅಸಲಿ ಪ್ಲಗ್‌ನ ಪಿಂಗಾಣಿಯ ಮೇಲಿನ ಮುದ್ರಣ ಚೊಕ್ಕಟವಾಗಿರುತ್ತದೆ, ಉಗುರಿನಿಂದ ಕೆರೆದರೆ ಏಳುವುದಿಲ್ಲ. ವಾಷರ್ ಸುಲಭವಾಗಿ ಕಳಚಿ ಬೀಳುವುದಿಲ್ಲ. ಹೊರಗಿನ ಎಲೆಕ್ಟ್ರೋಡ್ ನಡುವಿನದರ ಮೇಲೆ ನೇರವಾಗಿ ಕೂತಿರುತ್ತದೆ. ಸಂಕೇತದಲ್ಲಿ 'ಆರ್' ಇದ್ದೂ ಮಲ್ಟಿಮೀಟರ್ ಸೊನ್ನೆ ತೋರಿಸಿದರೆ ಅದನ್ನು ವಾಪಸ್ ಕೊಡಿ. ನಾಲ್ಕೂ ಪ್ಲಗ್ ಒಂದೇ ಸಂಖ್ಯೆಯದ್ದು, ಒಂದೇ ಕಂಪನಿಯದ್ದು ಇರಲಿ.

ಕೂರಿಸುವಾಗ

ಪದ್ಮಿನಿಯ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಎಂಜಿನ್ ಬಿಸಿಯಿರುವಾಗ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ. ಹೊಸದನ್ನು ಕೈಯಿಂದಲೇ ತಿರುಗಿಸಿ ಕೊನೆವರೆಗೆ ಕೂರಿಸಿ. ಕೈಗೆ ಬಿಗಿಯಾದರೆ ಥ್ರೆಡ್ ಓರೆಯಾಗಿದೆ ಎಂದರ್ಥ, ಸ್ಪ್ಯಾನರ್ ಹಾಕಬೇಡಿ. ವಾಷರ್ ತಾಗಿದ ಮೇಲೆ ಹೊಸ ಪ್ಲಗ್‌ಗೆ ಅರ್ಧ ಸುತ್ತು ಸಾಕು. ಟಾರ್ಕ್ ರೆಂಚ್ ಇದ್ದರೆ 25ರಿಂದ 30 ನ್ಯೂಟನ್ ಮೀಟರ್. ಒಂದೊಂದೇ ವೈರ್ ತೆಗೆದು ಒಂದೊಂದೇ ಪ್ಲಗ್ ಬದಲಿಸಿದರೆ 1-3-4-2 ಎಂಬ ಫೈರಿಂಗ್ ಆರ್ಡರ್ ತಪ್ಪುವ ಭಯವಿಲ್ಲ.

ಇನ್ನೊಂದು ಹಳೆಯ ಅಭ್ಯಾಸವನ್ನು ಈಗ ಬಿಡಲೇಬೇಕು. ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಮೆಕ್ಯಾನಿಕ್‌ಗಳು ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರ್ ಕಿತ್ತು ನೋಡುತ್ತಾರೆ. ಎಲೆಕ್ಟ್ರಾನಿಕ್ ಇಗ್ನಿಷನ್‌ನಲ್ಲಿ ಹಾಗೆ ಮಾಡಿದರೆ ಕಿಡಿಗೆ ದಾರಿಯಿಲ್ಲದೆ ವೋಲ್ಟೇಜ್ ಗರಿಷ್ಠಕ್ಕೇರಿ ರೋಟರ್, ಮುಚ್ಚಳ, ಮಾಡ್ಯೂಲ್ ಯಾವುದನ್ನಾದರೂ ಸುಡಬಹುದು. ಕೈಗೆ ಹೊಡೆಯುವ ಶಾಕ್ ಕೂಡ ಹಳೆಯದಕ್ಕಿಂತ ಜೋರು. ಗ್ಯಾರೇಜಿಗೆ ಕಾರು ಬಿಡುವಾಗ ಇದನ್ನು ಬಾಯಿಬಿಟ್ಟು ಹೇಳಿ, ಬೇಕಿದ್ದರೆ ಬಾನೆಟ್ ಒಳಗೆ ಚೀಟಿ ಅಂಟಿಸಿ. ಎಂಜಿನ್ ಆಫ್ ಆಗಿರುವಾಗ ಕೀಲಿಯನ್ನು 'ಆನ್'ನಲ್ಲಿ ಬಿಟ್ಟು ಹಾಡು ಕೇಳುತ್ತಾ ಕೂರುವುದೂ ಬೇಡ. ಹಲವು ಕಿಟ್‌ಗಳಲ್ಲಿ ಅಷ್ಟೂ ಹೊತ್ತು ಕಾಯಿಲ್ ಕಾಯುತ್ತಿರುತ್ತದೆ.

ಕಿಟ್ ಹಾಕಿದ ಮೇಲೆ ಟೈಮಿಂಗ್ ಲೈಟ್ ಹಿಡಿದು ಟೈಮಿಂಗ್ ಮತ್ತೆ ಕೂರಿಸಲೇಬೇಕು. ಪಾಯಿಂಟ್ ತೆರೆಯುವ ಜಾಗ ಮತ್ತು ಸೆನ್ಸರ್ ಸಂಜ್ಞೆ ಕೊಡುವ ಜಾಗ ಒಂದೇ ಆಗಿರುವುದಿಲ್ಲ. ಟೈಮಿಂಗ್ ಮುಂದೆ ಸರಿದಿದ್ದರೆ ಸರಿಯಾದ ಪ್ಲಗ್ ಕೂಡ ಕಾದು ಬಿಳುಚುತ್ತದೆ, ತಪ್ಪು ಮಾತ್ರ ಪ್ಲಗ್‌ನ ತಲೆಗೆ ಬರುತ್ತದೆ.

ಪಿಯುಸಿ, ವಿಂಟೇಜ್ ನಿಯಮ

ಮಿಸ್ಸಿಂಗ್ ಇರುವ ಎಂಜಿನ್ ಸುಡದ ಪೆಟ್ರೋಲನ್ನು ಹಾಗೇ ಹೊರಗೆ ಬಿಡುತ್ತದೆ. ಬಿಎಸ್-2ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಪಿಯುಸಿ ತಪಾಸಣೆಯಲ್ಲಿ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ 3 ಶೇಕಡಾ, ಹೈಡ್ರೋಕಾರ್ಬನ್ 1,500 ಪಿಪಿಎಂ ಮಿತಿ ಇದೆ. ಒಂದು ಪ್ಲಗ್ ಕೈಕೊಟ್ಟರೂ ಎರಡನೆಯ ಅಂಕಿ ಏರುತ್ತದೆ.

50 ವರ್ಷ ದಾಟಿದ ಕಾರುಗಳಿಗೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ವಿಂಟೇಜ್ ನೋಂದಣಿ ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಇರಬಾರದು. ಹೀಗೆ ನೋಂದಾಯಿಸಿದ ಕಾರನ್ನು ರ‍್ಯಾಲಿ, ಪ್ರದರ್ಶನ, ದುರಸ್ತಿ, ಇಂಧನ ತುಂಬಿಸುವಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನವೂ ಓಡಿಸುವವರಿಗೆ ಇದಲ್ಲ. ಡಿಸ್ಟ್ರಿಬ್ಯೂಟರ್ ಒಳಗೆ ಕೂರುವ ಕಿಟ್ ಹೊರಗಿನಿಂದ ಕಾಣುವುದೂ ಇಲ್ಲ, ಬೇಕೆಂದಾಗ ತೆಗೆದು ಪಾಯಿಂಟ್ ಹಾಕಲೂ ಬರುತ್ತದೆ. ಕಳಚಿದ ಪಾಯಿಂಟ್, ಕಂಡೆನ್ಸರ್, ಬೇಸ್ ಪ್ಲೇಟ್ ಮೂರನ್ನೂ ಡಿಕ್ಕಿಯಲ್ಲೇ ಇಟ್ಟಿರಿ. ಮಾಡ್ಯೂಲ್ ಕೈಕೊಟ್ಟರೆ ರಸ್ತೆ ಬದಿಯಲ್ಲಿ ಅದನ್ನು ರಿಪೇರಿ ಮಾಡಲು ಬರುವುದಿಲ್ಲ, ಪಾಯಿಂಟ್ ಆದರೆ ಸ್ಕ್ರೂಡ್ರೈವರ್ ಇದ್ದವರು ಯಾರಾದರೂ ಕೂರಿಸಿಕೊಡುತ್ತಾರೆ.

200 ಕಿಲೋಮೀಟರ್ ನಂತರ ಬಿಚ್ಚಿ ನೋಡಿ

ಹೊಸ ಪ್ಲಗ್ ಹಾಕಿ ಸುಮಾರು 200 ಕಿಲೋಮೀಟರ್ ಓಡಿಸಿದ ಮೇಲೆ ನಾಲ್ಕನ್ನೂ ಬಿಚ್ಚಿ ಸಾಲಾಗಿ ಇಟ್ಟು ನೋಡಿ. ನಡುವಿನ ಪಿಂಗಾಣಿ ತಿಳಿ ಕಂದು, ಬಿಸ್ಕತ್ತಿನ ಬಣ್ಣದಲ್ಲಿದ್ದರೆ ಎಲ್ಲ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ ಅಥವಾ ಓಟ ಸಾಲುತ್ತಿಲ್ಲ. ಒದ್ದೆ ಕಪ್ಪು ಇದ್ದರೆ ಎಣ್ಣೆ ಏರುತ್ತಿದೆ. ಇದಕ್ಕೆ ಪ್ಲಗ್‌ನಲ್ಲಿ ಮದ್ದಿಲ್ಲ. ಸುಣ್ಣದಂತೆ ಬಿಳಿ, ಮೇಲೆ ಸಣ್ಣ ಗುಳ್ಳೆಗಳಿದ್ದರೆ ಕಾರನ್ನು ಓಡಿಸುವುದು ನಿಲ್ಲಿಸಿ, ಟೈಮಿಂಗ್ ಮತ್ತು ಕಾರ್ಬ್ಯುರೇಟರ್ ನೋಡಿಸಿ.

ಈಗ ಬಂಕ್‌ಗಳಲ್ಲಿ ಸಿಗುವ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್‌ನಿಂದ ಪ್ಲಗ್ ಮೊದಲಿಗಿಂತ ಸ್ವಲ್ಪ ತಿಳಿಯಾಗಿಯೇ ಕಾಣುತ್ತದೆ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ, ಶುದ್ಧ ಪೆಟ್ರೋಲ್‌ಗೆ ಹೊಂದಿಸಿದ ಹಳೆಯ ಜೆಟ್‌ನಲ್ಲಿ ಮಿಶ್ರಣ ಶೇ 7-8ರಷ್ಟು ತೆಳುವಾಗುತ್ತದೆ. ಬಿಳುಪು ಕಂಡು ಕೋಲ್ಡ್ ಪ್ಲಗ್ ಹಾಕಿಸಲು ಓಡಬೇಡಿ. ಸರಿಪಡಿಸಬೇಕಾದ್ದು ಕಾರ್ಬ್ಯುರೇಟರ್‌ನ ಮೇನ್ ಜೆಟ್. ಒಂದು ಗಾತ್ರ ದೊಡ್ಡ ಜೆಟ್ ಹಾಕಿಸಿ, ಇನ್ನೊಂದು 200 ಕಿಲೋಮೀಟರ್ ಓಡಿಸಿ, ಪ್ಲಗ್ ಮತ್ತೆ ಬಿಚ್ಚಿ ನೋಡಿ.